ಮಲೆನಾಡಿನಲ್ಲಿ ವಿದ್ಯುತ್ ಕಾರು: ‘ಕಿಲೋಮೀಟರಿಗೆ ಒಂದೇ ರೂಪಾಯಿ’ ಎಂಬ ಲೆಕ್ಕ ನಮ್ಮ ಮನೆಯ ಮೀಟರಿಗೆ ಹೊಂದುತ್ತದೆಯೇ?

ಮಂಡಗದ್ದೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಮಂಡಗದ್ದೆಯ ಸಮೀಪದ ಹಳ್ಳಿಯಿಂದ ಶಿವಮೊಗ್ಗದ ಶಾಲೆಯೊಂದಕ್ಕೆ ದಿನವೂ ಕಾರಿನಲ್ಲಿ ಹೋಗಿಬರುತ್ತೇನೆ. ಹೋಗಿಬರುವ ದೂರ 62 ಕಿಲೋಮೀಟರ್. ತಿಂಗಳಿಗೆ 24 ದಿನ ಎಂದಿಟ್ಟುಕೊಂಡು, ಅದರ ಮೇಲೆ ಆಸ್ಪತ್ರೆ, ಸಂತೆ, ಮದುವೆ ಮನೆ ಎಲ್ಲವನ್ನೂ ಸೇರಿಸಿದರೆ ಸುಮಾರು 1,700 ಕಿಲೋಮೀಟರ್ ಆಗುತ್ತದೆ. ನನ್ನ ಪೆಟ್ರೋಲ್ ಕಾರಿಗೆ ಒಂಬತ್ತು ವರ್ಷ ವಯಸ್ಸಾಗಿದೆ, ಈಗ ಲೀಟರಿಗೆ 15 ಕಿಲೋಮೀಟರ್ ಕೊಡುತ್ತಿದೆ. ಪೆಟ್ರೋಲಿಗೆ ಲೀಟರಿಗೆ 103 ರೂಪಾಯಿಯಂತೆ ಹಿಡಿದರೂ ತಿಂಗಳಿಗೆ 11,600 ರೂಪಾಯಿಗೂ ಹೆಚ್ಚು ಹಣ ಬಂಕಿಗೇ ಹೋಗುತ್ತಿದೆ.

ಷೋರೂಮಿಗೆ ಹೋಗಿ ವಿಚಾರಿಸಿದಾಗ ಅಲ್ಲಿಯ ಹುಡುಗ ವಿದ್ಯುತ್ ಕಾರಿಗೆ ಕಿಲೋಮೀಟರಿಗೆ ಒಂದೇ ರೂಪಾಯಿ ಖರ್ಚು, ತಿಂಗಳಿಗೆ 1,700 ರೂಪಾಯಿಯಲ್ಲಿ ಮುಗಿಯುತ್ತದೆ ಎಂದು ಕಾಗದದ ಮೇಲೆ ಬರೆದುಕೊಟ್ಟ. ನನಗೆ ಅದನ್ನು ಪೂರ್ತಿ ನಂಬುವುದಕ್ಕೂ ಆಗುತ್ತಿಲ್ಲ, ಬಿಡುವುದಕ್ಕೂ ಆಗುತ್ತಿಲ್ಲ. ನಮ್ಮ ಮನೆಯಲ್ಲಿ ತಿಂಗಳಿಗೆ 130 ಯೂನಿಟ್ಟಿನ ಆಸುಪಾಸು ಖರ್ಚಾಗುತ್ತದೆ ಮತ್ತು ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬರುತ್ತದೆ. ಮಳೆಗಾಲದಲ್ಲಿ ಕರೆಂಟು ಎರಡೆರಡು ದಿನ ಇರುವುದಿಲ್ಲ. ನಮ್ಮ ಕಡೆಯ ರಸ್ತೆ, ಮಳೆ, ಕರೆಂಟು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ನಿಜವಾಗಿ ಎಷ್ಟು ಬೀಳುತ್ತದೆ ಎಂಬುದನ್ನು ಕಾರು ಇಟ್ಟುಕೊಂಡವರು ತಿಳಿಸಬೇಕೆಂದು ಕೋರುತ್ತೇನೆ.

ತೀರ್ಥಹಳ್ಳಿ ತುಂಗೆ

ಮೇಷ್ಟ್ರೇ, ನಾನು ಮೂರು ವರ್ಷಗಳಿಂದ ವಿದ್ಯುತ್ ಕಾರನ್ನೇ ಓಡಿಸುತ್ತಿದ್ದೇನೆ, ಒಟ್ಟು 52,000 ಕಿಲೋಮೀಟರ್ ಆಗಿದೆ. ಆ ಹುಡುಗ ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಲೆಕ್ಕ.

ಮೊದಲ ವಿಷಯವೆಂದರೆ ಕಾರಿನ ಪರದೆ ತೋರಿಸುವ ಮೈಲೇಜಿಗೂ ಮೀಟರ್ ತೋರಿಸುವ ಯೂನಿಟ್ಟಿಗೂ ವ್ಯತ್ಯಾಸವಿದೆ. ನನ್ನ ಕಾರು ಯೂನಿಟ್ಟಿಗೆ 7.3 ಕಿಲೋಮೀಟರ್ ಎಂದು ತೋರಿಸುತ್ತದೆ. ಅದು ಬ್ಯಾಟರಿಯಿಂದ ಹೊರಟ ವಿದ್ಯುತ್ತಿನ ಲೆಕ್ಕ. ಗೋಡೆಯ ಪ್ಲಗ್ಗಿನಿಂದ ಬ್ಯಾಟರಿಗೆ ಸೇರುವ ಹೊತ್ತಿಗೆ ಶೇ. 10ಕ್ಕೂ ಸ್ವಲ್ಪ ಹೆಚ್ಚು ಭಾಗ ಶಾಖವಾಗಿ ಹೋಗುತ್ತದೆ. ನಾನು ಬೇರೆಯಾಗಿ ಸಬ್ ಮೀಟರ್ ಹಾಕಿ ಒಂದು ವರ್ಷ ಬರೆದಿಟ್ಟುಕೊಂಡಿದ್ದೇನೆ: ಸರಾಸರಿ ಯೂನಿಟ್ಟಿಗೆ 6.5 ಕಿಲೋಮೀಟರ್. ಮಳೆಗಾಲದಲ್ಲಿ ಗಾಜಿನ ಮೇಲೆ ಮಂಜು ಕಟ್ಟದಂತೆ ಸದಾ ಎ.ಸಿ. ಹಾಕಿಕೊಂಡಿರಬೇಕಾಗುವುದರಿಂದ ಜುಲೈ, ಆಗಸ್ಟಿನಲ್ಲಿ ಅದು 6ಕ್ಕೆ ಇಳಿಯುತ್ತದೆ.

ಇನ್ನು ದರ. 2025-26ರ ದರಪಟ್ಟಿಯಂತೆ ಗೃಹಬಳಕೆಗೆ ಯೂನಿಟ್ಟಿಗೆ 5.80 ರೂಪಾಯಿ, ಅದರ ಮೇಲೆ ವಿದ್ಯುತ್ ನೌಕರರ ಪಿಂಚಣಿ ಬಾಬ್ತು 36 ಪೈಸೆ, ಶೇ. 9ರ ತೆರಿಗೆ 52 ಪೈಸೆ. ಒಟ್ಟು 6.68 ರೂಪಾಯಿ. 6.5ರಿಂದ ಭಾಗಿಸಿದರೆ ಕಿಲೋಮೀಟರಿಗೆ 1.03 ರೂಪಾಯಿ. ಒಂದು ರೂಪಾಯಿ ಎನ್ನುವ ಮಾತು ಹುಟ್ಟುವುದು ಇಲ್ಲಿ.

ಲೆಕ್ಕಪತ್ರ

ತುಂಗೆಯವರ ಲೆಕ್ಕ ಸರಿಯಾಗಿದೆ, ಆದರೆ ಮೇಷ್ಟ್ರ ಮನೆಗೆ ಅದು ಹೊಂದುವುದಿಲ್ಲ. ನಾನು ನಲವತ್ತು ವರ್ಷ ಲೆಕ್ಕ ಬರೆದವನು, ದಯವಿಟ್ಟು ಈ ಒಂದು ಅಂಶವನ್ನು ಎಲ್ಲರೂ ಗಮನಿಸಬೇಕು.

ಮೇಷ್ಟ್ರ ಮನೆಯ 130 ಯೂನಿಟ್ ಈಗ ಪುಕ್ಕಟೆ. ತಿಂಗಳಿಗೆ 1,700 ಕಿಲೋಮೀಟರ್ ಓಡಿಸಲು 261 ಯೂನಿಟ್ ಬೇಕು. ಎರಡೂ ಸೇರಿದರೆ 391. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ದಾಟಿದಷ್ಟಕ್ಕೆ ಮಾತ್ರ ಕಟ್ಟಿದರೆ ಸಾಲದು, ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಅಂದರೆ ಇದುವರೆಗೆ ಸೊನ್ನೆಯಾಗಿದ್ದ ಮನೆಯ ದೀಪ, ಪಂಪು, ಮಿಕ್ಸಿ, ಫ್ರಿಜ್ಜಿನ ಖರ್ಚೂ ಕಾರಿನ ದೆಸೆಯಿಂದಲೇ ತಲೆಯ ಮೇಲೆ ಬೀಳುತ್ತದೆ. 391 ಯೂನಿಟ್ಟಿಗೆ 6.68ರಂತೆ 2,612 ರೂಪಾಯಿ. ಕಾರಿನ ಚಾರ್ಜರಿಗಾಗಿ ಮಂಜೂರಾದ ಲೋಡನ್ನು 5 ಕಿಲೋವ್ಯಾಟಿಗೆ ಏರಿಸಿದರೆ 2025-26ರ ದರದಲ್ಲಿ ಕಿಲೋವ್ಯಾಟಿಗೆ 145ರಂತೆ ನಿಗದಿತ ಶುಲ್ಕ 725. ಒಟ್ಟು 3,337 ರೂಪಾಯಿ. ಸೊನ್ನೆಯಿಂದ ಇಲ್ಲಿಗೆ ಏರಿದ ಅಷ್ಟೂ ಹಣ ಕಾರಿನ ಖರ್ಚೇ. ಕಿಲೋಮೀಟರಿಗೆ 1.96 ರೂಪಾಯಿ, ಅಂದರೆ ಷೋರೂಮಿನವರು ಹೇಳಿದ್ದರ ಹತ್ತಿರಹತ್ತಿರ ಎರಡರಷ್ಟು.

ಹಾಗೆಂದು ಪೆಟ್ರೋಲೇ ಲೇಸು ಎಂದು ನಾನು ಹೇಳುತ್ತಿಲ್ಲ. ಮೇಷ್ಟ್ರ ಈಗಿನ ಖರ್ಚು ಕಿಲೋಮೀಟರಿಗೆ 6.87. ಎರಡು ರೂಪಾಯಿಯೆಂದರೂ ಅದರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯೇ.

ಭದ್ರಾವತಿ ಬಾಡಿಗೆಮನೆ

ಎಲ್ಲರೂ ಸ್ವಂತ ಮನೆ, ಸ್ವಂತ ಮೀಟರ್ ಇರುವವರಂತೆ ಮಾತನಾಡುತ್ತಿದ್ದೀರಿ. ನಾನು ಬಾಡಿಗೆ ಮನೆಯ ಮಹಡಿಯಲ್ಲಿ ಇರುವವನು. ಮನೆಯ ಮಾಲೀಕರು ಕಾರಿಗೆ ಪ್ಲಗ್ ಕೊಡಲು ಒಪ್ಪಲಿಲ್ಲ, ಅವರ ಭಯವೂ ಸಹಜವೇ. ಒಂದೂವರೆ ವರ್ಷ ವೇಗದ ಚಾರ್ಜರುಗಳನ್ನೇ ನಂಬಿಕೊಂಡಿದ್ದೆ. ಅಲ್ಲಿ ಶೇ. 18ರ ಜಿಎಸ್‌ಟಿ ಸೇರಿ ಯೂನಿಟ್ಟಿಗೆ 22 ರೂಪಾಯಿಯಂತೆ ಕೊಟ್ಟಿದ್ದೇನೆ. ಕಿಲೋಮೀಟರಿಗೆ 3.40 ಬಿತ್ತು. ಅದರ ಜೊತೆಗೆ ವಾರಕ್ಕೆರಡು ಸಂಜೆ ಮುಕ್ಕಾಲು ಗಂಟೆ ಕಾಯಬೇಕು, ಹೋದಾಗ ಮತ್ತೊಬ್ಬರ ಕಾರು ನಿಂತಿದ್ದರೆ ಒಂದೂವರೆ ಗಂಟೆ. ಕೊನೆಗೆ ಕಾರನ್ನು ಮಾರಿದೆ. ಕಾರಿನ ಬಗ್ಗೆ ನನಗೆ ಯಾವ ದೂರೂ ಇಲ್ಲ, ಅದು ಒಳ್ಳೆಯ ಕಾರು. ಆದರೆ ಮನೆಯಲ್ಲಿ ಚಾರ್ಜಿಂಗ್ ಇಲ್ಲದವರು ಉಳಿತಾಯದ ಆಸೆಗೆ ಇದಕ್ಕೆ ಕೈ ಹಾಕಬಾರದು ಎಂದು ಅನುಭವದಿಂದ ಹೇಳುತ್ತೇನೆ.

ಸಾಗರದ ಸ್ಕೂಟರ್

ಕಾರಿನ ಮಾತು ಗೊತ್ತಿಲ್ಲ, ನನ್ನ ವಿದ್ಯುತ್ ಸ್ಕೂಟರಿಗೆ 100 ಕಿಲೋಮೀಟರಿಗೆ ಮೂರು ಯೂನಿಟ್ ಸಾಕಾಗುತ್ತದೆ, ಗೃಹಜ್ಯೋತಿಯ ಗಡಿಯೂ ದಾಟಿಲ್ಲ.

ಪೆಟ್ರೋಲೇ ಸಾಕು

ಒಂದು ಮೂಲಭೂತ ತಪ್ಪನ್ನು ಯಾರೂ ಎತ್ತಿ ಹೇಳುತ್ತಿಲ್ಲ. ಒಂಬತ್ತು ವರ್ಷದ ಹಳೆಯ ಪೆಟ್ರೋಲ್ ಕಾರನ್ನು ಹೊಚ್ಚಹೊಸ ವಿದ್ಯುತ್ ಕಾರಿನೊಂದಿಗೆ ಹೋಲಿಸುವುದು ನ್ಯಾಯವಲ್ಲ. ಹೊಸ ಪೆಟ್ರೋಲ್ ಕಾರು ಇದೇ ರಸ್ತೆಯಲ್ಲಿ 18 ಕೊಡುತ್ತದೆ. ಆಗ ಮೇಷ್ಟ್ರ ತಿಂಗಳ ಪೆಟ್ರೋಲ್ ಖರ್ಚು 9,730 ರೂಪಾಯಿಗೆ ಇಳಿಯುತ್ತದೆ. ಜೊತೆಗೆ ಸೆಪ್ಟೆಂಬರ್ 22, 2025ರಿಂದ ಚಿಕ್ಕ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ವಿದ್ಯುತ್ ಕಾರಿಗೆ ಮೊದಲಿನಂತೆ ಶೇ. 5 ಇದೆ. ಹೀಗಾಗಿ ಎರಡರ ಬೆಲೆಯ ಅಂತರ ಮೊದಲಿಗಿಂತ ಹೆಚ್ಚಾಗಿದೆ. ನಾನು ನೋಡಿದ ಎರಡು ಕಾರುಗಳ ನಡುವೆ ಮೂರು ಲಕ್ಷ ವ್ಯತ್ಯಾಸವಿತ್ತು. ಮೂರು ಲಕ್ಷಕ್ಕೆ ಎಷ್ಟು ಪೆಟ್ರೋಲ್ ಬರುತ್ತದೆ ಎಂದು ನೀವೇ ಎಣಿಸಿ ನೋಡಿ. ಘಾಟಿಯಲ್ಲಿ ಬ್ಯಾಟರಿ ಕರಗಿಹೋಗುವುದು ಬೇರೆ.

ಲೆಕ್ಕಪತ್ರ

ಹಳೆಯದಕ್ಕೂ ಹೊಸದಕ್ಕೂ ಹೋಲಿಕೆ ಸಲ್ಲದು ಎಂದದ್ದು ನೂರಕ್ಕೆ ನೂರು ಸರಿ, ಅದನ್ನು ನಾನೇ ಹೇಳಬೇಕಾಗಿತ್ತು, ಬಿಟ್ಟುಹೋಯಿತು. ಆದರೆ ಮೂರು ಲಕ್ಷದ ಅಂತರದಲ್ಲಿ ನೀವು ರಸ್ತೆ ತೆರಿಗೆಯನ್ನು ಮರೆತಿದ್ದೀರಿ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ. 14, ಆ ತೆರಿಗೆಯ ಮೇಲೆ ಶೇ. 11ರ ಉಪಕರ. ಒಂಬತ್ತು ಲಕ್ಷದ ಕಾರಿಗೆ ಇದೊಂದೇ 1.40 ಲಕ್ಷ ಆಗುತ್ತದೆ. ವಿದ್ಯುತ್ ಕಾರುಗಳಿಗೆ 2016ರಿಂದ ವಿನಾಯಿತಿ ಇತ್ತು. 2024ರಲ್ಲಿ 25 ಲಕ್ಷ ಮೀರಿದವುಗಳಿಗೆ ಮಾತ್ರ ಶೇ. 10 ಹಾಕಿದರು. ಆ ಲೆಕ್ಕದಲ್ಲಿ ಹನ್ನೆರಡು ಲಕ್ಷದ ವಿದ್ಯುತ್ ಕಾರು ರಸ್ತೆಗಿಳಿಯುವಾಗ ಅಂತರ 1.60 ಲಕ್ಷಕ್ಕೆ ಇಳಿಯುತ್ತದೆ. ತೆರಿಗೆಯ ನಿಯಮ ಬದಲಾಗುವಂಥದ್ದು, ಆದ್ದರಿಂದ ಮುಂಗಡ ಕೊಡುವ ದಿನ ಆರ್‌ಟಿಓ ಕಚೇರಿಯಲ್ಲಿ ಆ ದಿನದ ದರವನ್ನು ಕೇಳಿಕೊಳ್ಳುವುದು ಒಳ್ಳೆಯದು.

ವಿಮೆಯಲ್ಲಿ ಎರಡೂ ಕಡೆ ಎಳೆದಾಟವಿದೆ. ಮೂರನೆಯ ವ್ಯಕ್ತಿಯ ವಿಮೆಯಲ್ಲಿ ವಿದ್ಯುತ್ ಕಾರಿಗೆ ಶೇ. 15 ರಿಯಾಯಿತಿ: 1,000ದಿಂದ 1,500 ಸಿಸಿ ಪೆಟ್ರೋಲ್ ಕಾರಿಗೆ ವರ್ಷಕ್ಕೆ 3,416 ರೂಪಾಯಿ ಇದ್ದರೆ 30ರಿಂದ 65 ಕಿಲೋವ್ಯಾಟ್ ಮೋಟಾರಿನ ಕಾರಿಗೆ 2,904. ಆದರೆ ಸ್ವಂತ ಹಾನಿಯ ವಿಮೆ ಕಾರಿನ ಮೌಲ್ಯದ ಮೇಲೆ ನಿಲ್ಲುವುದರಿಂದ ಅಲ್ಲಿ ಉಳಿಸಿದ್ದು ಇಲ್ಲಿ ಹೋಗುತ್ತದೆ. ಸಮಸಮ ಎಂದೇ ಇಟ್ಟುಕೊಳ್ಳಿ.

ಈಗ ಕೂಡಿಸೋಣ. ಬೆಲೆಯ ಅಂತರ 1.60 ಲಕ್ಷ, ವೈರಿಂಗ್ ಮತ್ತು ಅರ್ಥಿಂಗಿಗೆ ಧಾರಾಳವಾಗಿ 40,000, ಒಟ್ಟು ಎರಡು ಲಕ್ಷ. ಹೊಸ ಪೆಟ್ರೋಲ್ ಕಾರಿನ 9,730ರಿಂದ 3,337 ಕಳೆದರೆ ತಿಂಗಳಿಗೆ 6,390ರ ಉಳಿತಾಯ. 31 ತಿಂಗಳಿಗೆ ಎರಡು ಲಕ್ಷ ಹುಟ್ಟುತ್ತದೆ. ಬಡ್ಡಿಯನ್ನೂ ಸೇರಿಸಿದರೆ ಮೂರು ವರ್ಷ ದಾಟಬಹುದು. ಅನೇಕ ಕಂಪನಿಗಳು ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತಿವೆ. ಮೇಷ್ಟ್ರ ಓಡಾಟಕ್ಕೆ 1,60,000 ಕಿಲೋಮೀಟರ್ ತುಂಬಲು ಏಳು ವರ್ಷ ಹತ್ತು ತಿಂಗಳು ಬೇಕು.

ಆದರೆ ನನ್ನಂಥ ನಿವೃತ್ತರ ಲೆಕ್ಕವೇ ಬೇರೆ. ನಾನು ತಿಂಗಳಿಗೆ 400 ಕಿಲೋಮೀಟರ್ ಓಡಿಸಿದರೆ ಹೆಚ್ಚು. ನನ್ನ ಮನೆಯ 110 ಯೂನಿಟ್ಟಿಗೆ ಕಾರಿನ 62 ಸೇರಿದರೂ 200 ದಾಟುವುದಿಲ್ಲ, ಮನೆಗೆ ನಿಗದಿಯಾದ ಪುಕ್ಕಟೆ ಯೂನಿಟ್ ಮೀರಿದಷ್ಟಕ್ಕೆ ಮಾತ್ರ ಕಟ್ಟಬೇಕು, ಕಿಲೋಮೀಟರಿಗೆ ನಿಜವಾಗಿಯೂ ಒಂದು ರೂಪಾಯಿಯ ಹತ್ತಿರವೇ ಬೀಳುತ್ತದೆ. ಹಾಗಿದ್ದರೂ ತಿಂಗಳ ಉಳಿತಾಯ ಎರಡು ಸಾವಿರ ಮುಟ್ಟುವುದಿಲ್ಲ, 1.60 ಲಕ್ಷಕ್ಕೆ ಶೇ. 9ರಂತೆ ಬಡ್ಡಿಯೇ ತಿಂಗಳಿಗೆ 1,200 ಆಗುತ್ತದೆ. ಆದ್ದರಿಂದ ನಾನು ಹಳೆಯ ಪೆಟ್ರೋಲ್ ಕಾರನ್ನೇ ಇಟ್ಟುಕೊಂಡಿದ್ದೇನೆ. ಕಿಲೋಮೀಟರಿಗೆ ಅಗ್ಗವಾದದ್ದೆಲ್ಲ ತಿಂಗಳಿಗೂ ಅಗ್ಗವಾಗಬೇಕೆಂದಿಲ್ಲ.

ಆಗುಂಬೆ ಮಳೆ

‘ಘಾಟಿಯಲ್ಲಿ ಬ್ಯಾಟರಿ ಕರಗಿಹೋಗುತ್ತದೆ’ ಎಂಬ ಮಾತಿಗೆ ಉತ್ತರ ಕೊಡಲೇಬೇಕು, ಏಕೆಂದರೆ ನಾನು ವಾರಕ್ಕೆ ಎರಡು ಬಾರಿ ಆಗುಂಬೆ ಘಾಟಿ ಇಳಿದು ಹತ್ತುವವನು.

ಸೋಮೇಶ್ವರದಿಂದ ಆಗುಂಬೆಯವರೆಗೆ ಏರುವ ಎತ್ತರ 500 ಮೀಟರ್ ಎಂದು ಇಟ್ಟುಕೊಳ್ಳಿ. ಜನ, ಸಾಮಾನು ಸೇರಿ ಕಾರಿನ ತೂಕ 1,600 ಕಿಲೋ. ಆ ತೂಕವನ್ನು ಅಷ್ಟು ಎತ್ತರಕ್ಕೆ ಏರಿಸಲು ಬೇಕಾಗುವ ಶಕ್ತಿ 2.2 ಯೂನಿಟ್. ಇದು ಯಾವ ಕಂಪನಿಯ ಕಾರಾದರೂ ಬದಲಾಗದ ಭೌತಶಾಸ್ತ್ರ. ಮೋಟಾರಿನ ನಷ್ಟವನ್ನು ಸೇರಿಸಿ 2.5, ಹತ್ತು ಕಿಲೋಮೀಟರ್ ಉರುಳುವುದಕ್ಕೆ ಇನ್ನೊಂದೂವರೆ. ಒಟ್ಟು ನಾಲ್ಕು ಯೂನಿಟ್, ಮನೆಯ ದರದಲ್ಲಿ 27 ರೂಪಾಯಿ. ಇದೇ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ನನ್ನ ಹಳೆಯ ಪೆಟ್ರೋಲ್ ಕಾರು ಒಂದು, ಎರಡನೆಯ ಗೇರಿನಲ್ಲಿ ಲೀಟರಿಗೆ ಎಂಟರಂತೆ ಹತ್ತುತ್ತಿತ್ತು. ಅಂದರೆ 129 ರೂಪಾಯಿ. ಏರುವಾಗ ಬ್ಯಾಟರಿಯ ಶೇಕಡಾವಾರು ಬೇಗ ಬೇಗ ಇಳಿಯುವುದು ಕಣ್ಣಿಗೆ ಕಾಣುವುದರಿಂದ ಗಾಬರಿಯಾಗುತ್ತದೆ, ಪೆಟ್ರೋಲ್ ಮುಳ್ಳು ಅಷ್ಟು ನಿಖರವಾಗಿ ತೋರಿಸುವುದಿಲ್ಲ. ಅಷ್ಟೇ ವ್ಯತ್ಯಾಸ.

ಇಳಿಯುವಾಗ ಮೋಟಾರೇ ಡೈನಮೋ ಆಗಿ ಬ್ಯಾಟರಿಗೆ ವಾಪಸ್ ಕೊಡುತ್ತದೆ. ಏರಿದ್ದೆಲ್ಲ ಮರಳಿ ಬರುವುದಿಲ್ಲ. ನನಗೆ ಘಾಟಿಯ ಬುಡ ಮುಟ್ಟುವ ಹೊತ್ತಿಗೆ ಶೇ. 2 ಅಥವಾ 3 ಹೆಚ್ಚಾಗಿರುತ್ತದೆ. ಒಂದು ಎಚ್ಚರಿಕೆಯ ಮಾತು: ಮೇಲೆ ಇರುವವರು ರಾತ್ರಿ ಶೇ. 100 ಚಾರ್ಜ್ ಮಾಡಿ ಬೆಳಿಗ್ಗೆ ನೇರವಾಗಿ ಘಾಟಿ ಇಳಿಯಬಾರದು. ತುಂಬಿದ ಬ್ಯಾಟರಿಗೆ ವಾಪಸ್ ಬರುವ ವಿದ್ಯುತ್ತನ್ನು ತುಂಬಿಕೊಳ್ಳಲು ಜಾಗವಿರುವುದಿಲ್ಲ, ರೀಜನ್ (ಹೀಗೆ ವಾಪಸ್ ತುಂಬುತ್ತಾ ಕಾರಿನ ವೇಗ ತಡೆಯುವ ವ್ಯವಸ್ಥೆ) ಕೆಲಸ ಮಾಡುವುದಿಲ್ಲ, ಎಲ್ಲ ಭಾರವೂ ಬ್ರೇಕಿನ ಮೇಲೆ ಬೀಳುತ್ತದೆ. ನಾನು ಶೇ. 90ಕ್ಕೆ ನಿಲ್ಲಿಸುತ್ತೇನೆ. ಮೊದಲ ತಿಂಗಳು ಇದು ಗೊತ್ತಿಲ್ಲದೆ ಮಳೆಯಲ್ಲಿ ಇಳಿದು ಐದನೆಯ ತಿರುವಿನಲ್ಲಿ ಎದೆ ಝಲ್ಲೆಂದದ್ದು ಇನ್ನೂ ನೆನಪಿದೆ.

ಪೆಟ್ರೋಲೇ ಸಾಕು

ಘಾಟಿಯ ವಿಷಯದಲ್ಲಿ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ, ವಿವರಣೆಗೆ ಧನ್ಯವಾದ. ಆದರೆ ಜುಲೈ ತಿಂಗಳಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲದಿದ್ದರೆ ಮೇಷ್ಟ್ರು ಶಾಲೆಗೆ ಹೇಗೆ ಹೋಗಬೇಕು? ಕ್ಯಾನಿನಲ್ಲಿ ಪೆಟ್ರೋಲ್ ತರಬಹುದು, ಕರೆಂಟು ತರಲಾಗುವುದಿಲ್ಲ.

ತೀರ್ಥಹಳ್ಳಿ ತುಂಗೆ

ಕರೆಂಟಿಲ್ಲದಾಗ ಕಷ್ಟವಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಮಳೆಗಾಲದಲ್ಲಿ ನಾನು ಬ್ಯಾಟರಿಯನ್ನು ಶೇ. 60ಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ, ಕರೆಂಟು ಬಂದ ಕೂಡಲೇ ಚಾರ್ಜಿಗೆ ಹಾಕುತ್ತೇನೆ. ಮೇಷ್ಟ್ರಿಗೆ ದಿನಕ್ಕೆ 62 ಕಿಲೋಮೀಟರ್ ಸಾಕಾಗಿರುವುದರಿಂದ ತುಂಬಿದ ಬ್ಯಾಟರಿ ಮೂರು ದಿನ ತಡೆಯುತ್ತದೆ. ಅದೂ ಮುಗಿದರೆ ಶಿವಮೊಗ್ಗದಲ್ಲಿ ವೇಗದ ಚಾರ್ಜರ್ ಇದೆ. ಮೂರು ವರ್ಷಗಳಲ್ಲಿ ನಾನು ಕರೆಂಟಿಲ್ಲವೆಂದು ಕಾರು ಬಿಟ್ಟು ಬಸ್ಸು ಹತ್ತಿದ್ದು ಎರಡು ದಿನ.

ಗೃಹಜ್ಯೋತಿಯ ಬಗ್ಗೆ ಲೆಕ್ಕಪತ್ರದವರು ಹೇಳಿದ್ದಕ್ಕೆ ಪರಿಹಾರವಿದೆ. ವಿದ್ಯುತ್ ವಾಹನಗಳ ಚಾರ್ಜಿಂಗಿಗೆ ದರಪಟ್ಟಿಯಲ್ಲಿ ಬೇರೆಯೇ ವರ್ಗವಿದೆ, ಯೂನಿಟ್ಟಿನ ದರವೂ ಮನೆಯ ದರಕ್ಕಿಂತ ಕಡಿಮೆ. ನಾನು ಅದಕ್ಕೆ ಅರ್ಜಿ ಹಾಕಿ ಕಾರಿಗೇ ಪ್ರತ್ಯೇಕ ಮೀಟರ್ ಮಾಡಿಸಿಕೊಂಡೆ. ಠೇವಣಿ, ಮೀಟರ್ ಬೋರ್ಡು, ವೈರು ಎಲ್ಲ ಸೇರಿ 18,000 ಖರ್ಚಾಯಿತು, ಮೂರು ಬಾರಿ ಕಚೇರಿಗೆ ಅಲೆಯಬೇಕಾಯಿತು. ಆದರೆ ಮನೆಯ ಬಿಲ್ಲು ಈಗಲೂ ಸೊನ್ನೆಯೇ. ಮೇಷ್ಟ್ರೇ, ಕಾರು ಬುಕ್ ಮಾಡುವುದಕ್ಕೂ ಮೊದಲು ಮೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಇದನ್ನು ವಿಚಾರಿಸಿ.

ಶರಾವತಿ ಕಣಿವೆ

ಕರೆಂಟಿನ ಮಾತು ಬಂದದ್ದರಿಂದ ಹೇಳುತ್ತೇನೆ. ಜೋಗದಲ್ಲಿ 1948ರಿಂದ ವಿದ್ಯುತ್ ಹುಟ್ಟುತ್ತಿದೆ, ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ಕೇಂದ್ರವೊಂದೇ 1,035 ಮೆಗಾವ್ಯಾಟಿನದು. ಆ ನೀರಿಗಾಗಿ ಊರು, ಗದ್ದೆ, ದೇವಸ್ಥಾನ ಬಿಟ್ಟು ಎದ್ದವರು ನಮ್ಮ ಅಜ್ಜಂದಿರು. ಜುಲೈ 2025ರಲ್ಲಿ ಸಿಗಂದೂರು ಸೇತುವೆ ಆಗುವವರೆಗೆ ನಾವು ಆಸ್ಪತ್ರೆಗೂ ಲಾಂಚಿಗೆ ಕಾದು ಹೋಗಬೇಕಾಗಿತ್ತು. ಅಂಥ ಊರಿನಲ್ಲಿ ಇಂದಿಗೂ ಸಂಜೆ ವೋಲ್ಟೇಜ್ 170ಕ್ಕೆ ಇಳಿಯುತ್ತದೆ. ಇಲ್ಲಿ ಕಾರು ಚಾರ್ಜ್ ಮಾಡುವ ಮಾತು ಕೇಳಿದಾಗ ಮನಸ್ಸಿಗೆ ನೋವಾಗುತ್ತದೆ.

ನಿರ್ವಾಹಕ

ನಿಮ್ಮ ನೋವು ನಮ್ಮೆಲ್ಲರದ್ದೂ ಹೌದು, ಅದಕ್ಕೆ ಪ್ರತ್ಯೇಕ ಚರ್ಚೆ ಆರಂಭಿಸಿದರೆ ನಾನೂ ಬರೆಯುತ್ತೇನೆ. ಇಲ್ಲಿ ಓಡಾಟದ ಖರ್ಚಿನ ವಿಷಯವನ್ನೇ ಮುಂದುವರಿಸೋಣ.

ವೈರಿಂಗ್ ಕೆಲಸದವ

ವೋಲ್ಟೇಜಿನ ಮಾತು ವಿಷಯಕ್ಕೆ ಹೊರಗಿನದಲ್ಲ ಸರ್, ಖರ್ಚಿನ ಒಂದು ಭಾಗ ಅಲ್ಲೇ ಇದೆ. ನಾನು ಸಾಗರ, ಹೊಸನಗರದ ಕಡೆ ಇಪ್ಪತ್ತಕ್ಕೂ ಹೆಚ್ಚು ಮನೆಗಳಿಗೆ ಕಾರಿನ ಪಾಯಿಂಟ್ ಹಾಕಿಕೊಟ್ಟಿದ್ದೇನೆ. ಮೂರು ಮಾತು ಹೇಳುತ್ತೇನೆ.

ಕಾರಿನೊಂದಿಗೆ ಬರುವ ಚಿಕ್ಕ ಚಾರ್ಜರ್ 3.3 ಕಿಲೋವ್ಯಾಟಿನದು. ಅದು ಎಂಟು ಹತ್ತು ಗಂಟೆ ಬಿಡದೆ 14 ಆಂಪಿಯರ್ ಎಳೆಯುತ್ತದೆ. ಗೀಸರ್ ಕೂಡ ಅಷ್ಟೇ ಎಳೆಯುತ್ತದೆಯಲ್ಲ ಎಂದು ಕೇಳುತ್ತಾರೆ. ಗೀಸರ್ ಓಡುವುದು ಕಾಲು ಗಂಟೆ, ಇದು ಇಡೀ ರಾತ್ರಿ. ಹಳೆಯ ಮನೆಯ ತೆಳು ವೈರು ಮತ್ತು ಸಡಿಲವಾದ ಸಾಕೆಟ್ ಕರಗಿ ಕಪ್ಪಾದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೀಟರಿನಿಂದ ನೇರವಾಗಿ 4 ಅಥವಾ 6 ಚದರ ಮಿಲಿಮೀಟರಿನ ತಾಮ್ರದ ವೈರು, ಪ್ರತ್ಯೇಕ ಎಂಸಿಬಿ, ಕರೆಂಟು ಸೋರಿದರೆ ತಕ್ಷಣ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು. ಇಲ್ಲಿ ಹಣ ಉಳಿಸಬೇಡಿ.

ಎರಡನೆಯದು ಅರ್ಥಿಂಗ್. ನಮ್ಮದು ಜಂಬಿಟ್ಟಿಗೆ ನೆಲ. ಮಳೆಗಾಲದಲ್ಲಿ ಒದ್ದೆಯಾಗಿರುವಾಗ ಎಲ್ಲ ಸರಿಯಾಗಿರುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ನೆಲ ಒಣಗಿ ಬಿರುಕು ಬಿಟ್ಟಾಗ ನ್ಯೂಟ್ರಲಿಗೂ ಅರ್ಥಿಗೂ ನಡುವೆ ವೋಲ್ಟೇಜ್ ಏರುತ್ತದೆ, ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಡುತ್ತದೆ. ಕಾರು ಕೆಟ್ಟಿದೆಯೆಂದು ಜನ ಷೋರೂಮಿಗೆ ಓಡುತ್ತಾರೆ. ಕೆಟ್ಟಿರುವುದು ಕಾರಲ್ಲ. ಆಳವಾದ ಗುಂಡಿ, ಇದ್ದಿಲು, ಉಪ್ಪು, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು. ಬಾವಿಕಟ್ಟೆ ಅಥವಾ ಬಚ್ಚಲ ನೀರು ಹರಿಯುವ ಕಡೆ ಗುಂಡಿ ತೆಗೆದರೆ ಇನ್ನೂ ಉತ್ತಮ.

ಮೂರನೆಯದು ಸಮಯ. ಸಂಜೆ ಏಳರಿಂದ ಹತ್ತರವರೆಗೆ ವೋಲ್ಟೇಜ್ ಕಡಿಮೆ ಇರುವ ಕಡೆ ರಾತ್ರಿ ಹನ್ನೊಂದರ ಮೇಲೆ ಚಾರ್ಜ್ ಆರಂಭವಾಗುವಂತೆ ಟೈಮರ್ ಇಡಬಹುದು. ತುಮರಿಯ ಕಡೆಯ ಒಂದು ಮನೆಯಲ್ಲಿ ಹೀಗೆಯೇ ಸರಿಹೋಗಿದೆ.

ಮಂಡಗದ್ದೆ ಮೇಷ್ಟ್ರು

ಇಷ್ಟು ವಿವರ ಸಿಗುತ್ತದೆಂದು ನಾನು ಎಣಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆಗಳು. ಸರ್ವಿಸ್ ಮತ್ತು ಟೈರಿನ ಖರ್ಚಿನ ಬಗ್ಗೆ ಯಾರಾದರೂ ತಿಳಿಸುವಿರಾ?

ತೀರ್ಥಹಳ್ಳಿ ತುಂಗೆ

ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಇವು ಯಾವುವೂ ಇಲ್ಲ. ನಮ್ಮ ಕಡೆ ಮುಖ್ಯವಾದದ್ದು ಕ್ಲಚ್. ಏರು ರಸ್ತೆಯಲ್ಲಿ ಅರ್ಧ ಕ್ಲಚ್ ಹಿಡಿದು ಹಿಡಿದು ನನ್ನ ಹಳೆಯ ಕಾರಿಗೆ 45,000 ಕಿಲೋಮೀಟರಿಗೇ ಕ್ಲಚ್ ಪ್ಲೇಟ್ ಹಾಕಿಸಬೇಕಾಗಿ ಬಂದಿತ್ತು. ಈಗ ಕ್ಲಚ್ಚೇ ಇಲ್ಲ. ಬ್ರೇಕ್ ಪ್ಯಾಡ್ 52,000ಕ್ಕೂ ಮೊದಲಿನದ್ದೇ ಇದೆ. ಆದರೆ ಟೈರು ಬೇಗ ಸವೆಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಕಾರು ಭಾರ, ಎಳೆತವೂ ಜೋರು. 34,000ಕ್ಕೆ ನಾಲ್ಕೂ ಟೈರು ಬದಲಿಸಿದೆ, 26,000 ರೂಪಾಯಿ ಆಯಿತು. ಅಂದರೆ ಟೈರಿಗೇ ಕಿಲೋಮೀಟರಿಗೆ 76 ಪೈಸೆ.

ಹೊಸನಗರದ ತೋಟ

ಇಲಿಯ ವಿಷಯ ಸೇರಿಸಿಕೊಳ್ಳಿ. ಅಡಿಕೆ ರಾಶಿಯ ಪಕ್ಕದಲ್ಲಿ ಕಾರು ನಿಲ್ಲಿಸುವ ಮನೆಗಳಲ್ಲಿ ಪೆಟ್ರೋಲಾದರೇನು, ವಿದ್ಯುತ್ತಾದರೇನು, ಇಲಿ ವೈರು ಕಡಿಯುತ್ತದೆ. ನನ್ನ ಕಾರಿನಲ್ಲಿ ಕಡಿದದ್ದು ಒಂದೇ ವೈರು, ಬದಲಿಸಬೇಕೆಂದದ್ದು ಇಡೀ ಗೊಂಚಲು. ವಿಮೆ ಮಾಡಿಸುವಾಗ ಇಲಿ ಕಡಿತಕ್ಕೆ ಪರಿಹಾರ ಇದೆಯೇ ಎಂದು ಕೇಳಿ.

ತೋಟದ ಮಣ್ಣು ರಸ್ತೆಯಲ್ಲಿ ಕಾರಿನ ಅಡಿಗೆ ಕಲ್ಲು ತಾಗುವುದೂ ಗಂಭೀರ ವಿಷಯ. ಪೆಟ್ರೋಲ್ ಕಾರಿನಲ್ಲಿ ಸೈಲೆನ್ಸರ್ ಹೋಗಬಹುದು, ಇಲ್ಲಿ ಅಡಿಯಲ್ಲಿ ಇರುವುದು ಬ್ಯಾಟರಿ. ನಾನು ಗೇಟಿನಿಂದ ಮನೆಯವರೆಗಿನ ದಾರಿಗೆ ಎರಡು ಲೋಡು ಗ್ರಾವೆಲ್ ಹಾಕಿಸಿದೆ. ಆ ಖರ್ಚನ್ನೂ ಕಾರಿನ ಲೆಕ್ಕದಲ್ಲೇ ಬರೆದಿದ್ದೇನೆ.

ಇನ್ನು ಸೌರ ವಿದ್ಯುತ್ತು. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಸಿಕ್ಕಿತು. ಫೆಬ್ರವರಿಯಲ್ಲಿ ದಿನಕ್ಕೆ 12 ಯೂನಿಟ್ ಬರುತ್ತದೆ, ನನ್ನ ಕಾರಿಗೆ ಸಾಕಾಗಿ ಮಿಗುತ್ತದೆ. ಜೂನ್ ಹತ್ತಿಪ್ಪತ್ತರ ಮೇಲೆ ಮೂರು ಸಿಕ್ಕರೆ ಪುಣ್ಯ. ಬಯಲುಸೀಮೆಯವರ ಲೆಕ್ಕವನ್ನು ನೋಡಿ ನಮ್ಮ ಕಡೆ ಸೋಲಾರ್ ಹಾಕಿಸಿದರೆ ನಿರಾಸೆಯಾಗುತ್ತದೆ. ತೋಟದ ಮರಗಳ ನೆರಳು ಬೀಳದ ಅಂಗಳ ಎಷ್ಟು ಮನೆಗಳಿಗಿದೆ ಎಂಬುದನ್ನೂ ನೋಡಬೇಕು.

ಘಾಟಿ ಚಾಲಕ

ನಾನು ಶಿವಮೊಗ್ಗದಲ್ಲಿ ಬಾಡಿಗೆ ಕಾರು ಓಡಿಸುವವನು. ಪ್ರವಾಸಿಗರು ಒಂದೇ ದಿನದಲ್ಲಿ ಜೋಗ, ಸಿಗಂದೂರು ನೋಡಿ ಬರಬೇಕೆನ್ನುತ್ತಾರೆ. 250ರಿಂದ 300 ಕಿಲೋಮೀಟರ್ ಆಗುತ್ತದೆ. ಸಾಲ ಮಾಡಿ ವಿದ್ಯುತ್ ಕಾರು ತೆಗೆದ ನನ್ನ ಗೆಳೆಯ ಕಿಲೋಮೀಟರಿಗೆ ಮೂರು ರೂಪಾಯಿಗೂ ಹೆಚ್ಚು ಉಳಿಸುತ್ತಿದ್ದಾನೆ, ನಿಜ. ಆದರೆ ಮಧ್ಯದಲ್ಲಿ ಚಾರ್ಜಿಗೆ ನಿಂತ ಒಂದು ಗಂಟೆಯಿಂದ ಸಂಜೆಯ ಸ್ಟೇಷನ್ ಬಾಡಿಗೆ ತಪ್ಪುತ್ತದೆ. ನಮಗೆ ಗಂಟೆಯೂ ಹಣವೇ. ಸ್ವಂತಕ್ಕೆ ಓಡಿಸುವವರೂ ಬಾಡಿಗೆಗೆ ಓಡಿಸುವವರೂ ಒಂದೇ ಲೆಕ್ಕ ಹಾಕಬಾರದು.

ಪೆಟ್ರೋಲೇ ಸಾಕು

ನಾನು ಇನ್ನೊಂದು ವಿಷಯವನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಹೊಸ ಪೆಟ್ರೋಲ್ ಕಾರು 18 ಕೊಡುತ್ತದೆ ಎಂದಿದ್ದೆ. ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲು. ಎಥನಾಲಿನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದು ಭಾಗದಷ್ಟು ಕಡಿಮೆಯಾದ್ದರಿಂದ ಮಿಶ್ರಣದಲ್ಲಿ ಶೇ. 6ರಿಂದ 7 ಕೊರತೆ ಬೀಳುತ್ತದೆ. ನನ್ನ ಹಳೆಯ ಕಾರಿನಲ್ಲಿ ಲೀಟರಿಗೆ ಒಂದು ಕಿಲೋಮೀಟರ್ ಇಳಿದದ್ದು ನಿಜ. ಆದರೂ ನನ್ನ ಓಡಾಟ ತಿಂಗಳಿಗೆ 500 ದಾಟುವುದಿಲ್ಲ, ವರ್ಷಕ್ಕೆರಡು ಬಾರಿ ಬೆಂಗಳೂರಿಗೆ 300 ಕಿಲೋಮೀಟರ್ ಒಂದೇ ಉಸಿರಿಗೆ ಹೋಗುತ್ತೇನೆ. ನನಗೆ ಪೆಟ್ರೋಲೇ ಸಾಕು.

ಭದ್ರಾವತಿ ಬಾಡಿಗೆಮನೆ

ಮೇಷ್ಟ್ರೇ, ಮಾರುವ ಬೆಲೆಯನ್ನೂ ಯೋಚಿಸಿ. ನನ್ನ ಕಾರನ್ನು ನೋಡಲು ಬಂದವರು ಮೊದಲು ಕೇಳುತ್ತಿದ್ದದ್ದು ಬ್ಯಾಟರಿ ಎಷ್ಟು ಉಳಿದಿದೆ ಎಂದು. ಪೆಟ್ರೋಲ್ ಕಾರಿಗೆ ಸಿಗುವಷ್ಟು ಬೆಲೆ ಸಿಗಲಿಲ್ಲ. ಹತ್ತು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ ಮಾತ್ರ ತೆಗೆದುಕೊಳ್ಳಿ.

ಆಗುಂಬೆ ಮಳೆ

ನಮ್ಮ ತಂಪು ಹವೆ ಬ್ಯಾಟರಿಯ ಆಯುಸ್ಸಿಗೆ ಒಳ್ಳೆಯದು ಎಂಬುದೂ ಲೆಕ್ಕದಲ್ಲಿರಲಿ. ಬ್ಯಾಟರಿಯ ದೊಡ್ಡ ಶತ್ರು ಬಿಸಿಲು.

ಮಂಡಗದ್ದೆ ಮೇಷ್ಟ್ರು

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ನಿಮ್ಮೆಲ್ಲರ ಮಾತಿನಂತೆ ಮೊದಲು ಮನೆಯ ಕೆಲಸವನ್ನೇ ನೋಡಿಕೊಂಡೆ. ಉಪವಿಭಾಗ ಕಚೇರಿಯಲ್ಲಿ ಪ್ರತ್ಯೇಕ ಮೀಟರಿಗೆ ಅರ್ಜಿ ಕೊಟ್ಟಿದ್ದೇನೆ, ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರನ್ನೂ ಬದಲಿಸಬೇಕೆಂದು ಹೇಳಿದ್ದಾರೆ. ರಾತ್ರಿ ಎಂಟು, ಹತ್ತು ಮತ್ತು ಹನ್ನೆರಡು ಗಂಟೆಗೆ ಹತ್ತು ದಿನ ವೋಲ್ಟೇಜ್ ಬರೆದಿಟ್ಟುಕೊಂಡೆ: ಎಂಟಕ್ಕೆ 185ರ ಆಸುಪಾಸು, ಹನ್ನೆರಡಕ್ಕೆ 220. ಟೈಮರ್ ಇಟ್ಟರೆ ಸಾಕಾಗುತ್ತದೆ. ನಮ್ಮ ಗೃಹಜ್ಯೋತಿ ಉಳಿಯುವುದಾದರೆ ಕಿಲೋಮೀಟರಿಗೆ ಒಂದೂಕಾಲು ರೂಪಾಯಿಯೊಳಗೆ ನಿಲ್ಲುತ್ತದೆ, ಉಳಿಯದಿದ್ದರೆ ಎರಡು. ಎರಡಾದರೂ ನನಗೆ ಸರಿ ಎಂದು ಮನೆಯಾಕೆಯೊಂದಿಗೆ ಕುಳಿತು ತೀರ್ಮಾನಿಸಿದ್ದೇವೆ. ಮೀಟರ್ ಬಂದ ಮೇಲೆಯೇ ಕಾರಿಗೆ ಮುಂಗಡ ಕೊಡುತ್ತೇನೆ. ಅರ್ಥಿಂಗ್ ಗುಂಡಿಯನ್ನು ಈಗಲೇ ತೆಗೆಸಲೇ ಅಥವಾ ಬೇಸಿಗೆಯವರೆಗೆ ಕಾಯಲೇ ಎಂಬುದೊಂದು ಉಳಿದಿದೆ.

ವೈರಿಂಗ್ ಕೆಲಸದವ

ಗುಂಡಿಯನ್ನು ಈಗಲೇ ತೆಗೆಸಿ ಸರ್, ನೆಲ ಮೆತ್ತಗಿರುವಾಗ ಕೂಲಿ ಕಡಿಮೆ. ಆದರೆ ಅಳತೆಯನ್ನು ಏಪ್ರಿಲಿನಲ್ಲಿ, ಮೊದಲ ಮಳೆ ಬೀಳುವುದಕ್ಕೆ ಮುಂಚೆ ಇನ್ನೊಮ್ಮೆ ಮಾಡಿಸಿ.